ಜೂನ್ ಒಂದರಂದು ಹುಟ್ಟಿದವರು

ನ್ಯೂಯಾರ್ಕಿನ ಬ್ರಾಡ್‌ವೇ ಸಂಗೀತ ನಾಟಕಗಳ ರಾಣಿ ಎನಿಸಿದ್ದ ಎಥೆಲ್ ಮರ್ಮನ್ ಹುಟ್ಟಿದ್ದು 1908ರ ಜನವರಿ 16ರಂದು. ಮೈಕಿನ ಹಂಗಿಲ್ಲದೆ ಥಿಯೇಟರಿನ ಕೊನೆಯ ಸಾಲಿಗೂ ಕೇಳುವಂತೆ ಹಾಡುತ್ತಿದ್ದ ಆಕೆ ತನ್ನ ವಯಸ್ಸನ್ನು ಮಾತ್ರ ಕೆಲವು ವರ್ಷ ಕಡಿಮೆ ಮಾಡಿ ಹೇಳುತ್ತಿದ್ದಳು. ಅದೇನು ಮಹಾಪರಾಧವಲ್ಲ ಬಿಡಿ. ಮುಚ್ಚಿಡಲಿಕ್ಕಾದರೂ ಒಂದು ತಾರೀಖು ಇರಬೇಕಲ್ಲ! ಕಲಬುರಗಿ ಸೀಮೆಯ ಎಷ್ಟೋ ಮಂದಿ ಹಳೆಯ ಕಂಪನಿ ನಾಟಕದ ಕಲಾವಿದರಿಗೆ ಅದೂ ಇಲ್ಲ.

ಕಂಪನಿ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದು ಕಡಿಮೆ. ದನಿ ಚೆನ್ನಾಗಿದ್ದರೆ ಏಳೆಂಟು ವರ್ಷಕ್ಕೇ ಪ್ರಹ್ಲಾದ, ಧ್ರುವ. ಆಮೇಲೆ ಊರಿಂದೂರಿಗೆ ಕ್ಯಾಂಪ್. ಶಾಲೆಗೆ ಹೋದವರಿಗೆ ಮಾಸ್ತರರು ಜೂನ್ 1 ಎಂದು ಬರೆದು ಕೈತೊಳೆದುಕೊಂಡರು. ಹೋಗದವರ ಆಧಾರ್ ಕಾರ್ಡಿನಲ್ಲಿ ಜನವರಿ 1 ಬಂದು ಕೂತಿತು. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ನಿಜಾಮನದು. ಇದ್ದಬದ್ದ ದಾಖಲೆಯೂ ಉರ್ದುವಿನಲ್ಲಿ, ಫಸಲಿ ಲೆಕ್ಕದಲ್ಲಿ. ಅದಕ್ಕೆ 590 ಕೂಡಿಸಿದರೆ ಇಂಗ್ಲಿಷ್ ಇಸವಿ ಹೆಚ್ಚುಕಡಿಮೆ ಸಿಗುತ್ತದೆ, ತಿಂಗಳು ಸಿಗುವುದಿಲ್ಲ.

ಸಂಕಷ್ಟದಲ್ಲಿರುವ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತದೆ. ವಯಸ್ಸು 58 ದಾಟಿರಬೇಕು. ಅರ್ಜಿ ತುಂಬಿಸುವವರು "ಹುಟ್ಟಿದ ತಾರೀಖು ಏನ್ರೀ ಯವ್ವಾ?" ಎಂದು ಕೇಳಿದರೆ ಬರುವ ಉತ್ತರ ಹೀಗಿರುತ್ತದೆ: "ರಜಾಕಾರರ ಗದ್ದಲ್ದಾಗ ನಮ್ಮವ್ವ ನನ್ನ ಬಗಲಾಗ ಕಟ್ಕೊಂಡು ಓಡಿದ್ಳಂತ್ರೀ." ಅಜ್ಜಿಯ ಇತಿಹಾಸ ತಪ್ಪಿಲ್ಲ. ಆದರೆ ಅರ್ಜಿಯಲ್ಲಿರುವುದು ಎಂಟು ಅಂಕಿಯ ಎಂಟು ಮನೆ. ಆಧಾರ್‌ನಲ್ಲಿ ಹತ್ತು ವರ್ಷ ಕಡಿಮೆ ಬಿದ್ದಿದ್ದರೆ ಹತ್ತು ವರ್ಷದ ಮಾಸಾಶನವೇ ಹೋಯಿತು.

ಹುಟ್ಟುಹಬ್ಬ ನೆನಪಿನಲ್ಲಿ ಉಳಿದವರು ಯಾರು ನೋಡಿ. ಮಲ್ಲಿಕಾರ್ಜುನ ಮನಸೂರರದು 1910ರ ಡಿಸೆಂಬರ್ 31. ಹುಡುಗನಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡಿ ಕುಣಿದವರು. ಜಗತ್ತು ನೆನೆಯುವುದು ಹಿಂದೂಸ್ತಾನಿ ಗಾಯಕರೆಂದು. ಗದಗಿನ ಪುಟ್ಟರಾಜ ಗವಾಯಿಗಳದು 1914ರ ಮಾರ್ಚ್ 3. ಆಶ್ರಮದ ಅಂಧ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿ ನಡೆಸಿದರು; ಭಕ್ತರಿಗೆ ಅವರು ಗುರುಗಳು. ಅಂದರೆ ಬಣ್ಣ ಕಳಚಿ ಬೇರೆ ಗದ್ದಿಗೆ ಏರಿದವರಿಗೆ ತಾರೀಖು ಸಿಕ್ಕಿತು. ಬಣ್ಣದಲ್ಲೇ ಬಾಳಿದವರಲ್ಲಿ ಏಣಗಿ ಬಾಳಪ್ಪನವರಂಥವರು ಅಪರೂಪ. 1914ರಲ್ಲಿ ಹುಟ್ಟಿ, ಬಸವಣ್ಣನ ಪಾತ್ರದಿಂದ ಮನೆಮಾತಾಗಿ, ನೂರು ದಾಟಿ 2017ರ ಆಗಸ್ಟ್ 18ರಂದು ತೀರಿಕೊಂಡರು. ದ್ರೌಪದಿಯಾಗಿ ರಂಗಗೀತೆಗಳಿಗೆ ಕಂಠ ಕೊಟ್ಟ ಬಳ್ಳಾರಿಯ ಸುಭದ್ರಮ್ಮ ಮನ್ಸೂರು 2020ರಲ್ಲಿ ಹೋದರು. ಅವರ ಹುಟ್ಟುಹಬ್ಬ ಎಷ್ಟು ಮಂದಿಗೆ ಗೊತ್ತು?

ಕಲಬುರಗಿಯ ದೊಡ್ಡ ರಂಗಮಂದಿರಕ್ಕೂ ಊರಿನವರದೇ ಹೆಸರಿದೆ. ಆದರೆ ಎಸ್.ಎಂ. ಪಂಡಿತರು ನಟರಲ್ಲ, ಚಿತ್ರಕಾರರು. ಪುಣ್ಯಕ್ಕೆ ಅವರ ತಾರೀಖು ಪಕ್ಕಾ ಇದೆ: 1916ರ ಮಾರ್ಚ್ 25.

ಹುಮನಾಬಾದ್ ರಸ್ತೆಯಲ್ಲಿ ಮುಂದೆ ಹೋದರೆ ಕೆಂಪು ಬಾಳೆಹಣ್ಣಿನ ಕಮಲಾಪುರ. ಆ ಕಡೆಯ ಹಳ್ಳಿಗಳ ಜಾತ್ರೆಯಲ್ಲಿ ಊರ ಹುಡುಗರೇ ಗಂಡು ಪಾತ್ರ ಕಟ್ಟುತ್ತಾರೆ. ಹೆಣ್ಣು ಪಾತ್ರಕ್ಕೆ ಹೊರಗಿನ ಕಲಾವಿದೆಯರು ಬರಬೇಕು. ಕಂಪನಿ ಮುಚ್ಚಿದ ಮೇಲೆ ಎಷ್ಟೋ ನಟಿಯರ ಹೊಟ್ಟೆ ಹೊರೆದದ್ದು ಈ ನಾಟಕಗಳೇ. ರಾತ್ರಿ ಹತ್ತಕ್ಕೆ ಶುರುವಾದದ್ದು ಬೆಳಗಿನವರೆಗೆ. ಹಾಡಿಗೆ ಒನ್ಸ್ ಮೋರ್ ಬಿತ್ತೆಂದರೆ ಐವತ್ತು, ನೂರು ಕೊಟ್ಟವರ ಹೆಸರು ಮೈಕಿನಲ್ಲಿ ಕೂಗುತ್ತಾರೆ. ಹ್ಯಾಂಡ್‌ಬಿಲ್ಲಿನಲ್ಲಿ ಊರ ಹಿರಿಯರ, ಹಾರ್ಮೋನಿಯಂ ಮಾಸ್ತರರ ಹೆಸರು ಸಾಲಾಗಿ ಬರುತ್ತದೆ, ನಟಿಯದೂ ಬರುತ್ತದೆ. ಇಂಥ ಹ್ಯಾಂಡ್‌ಬಿಲ್ಲುಗಳನ್ನು ಟ್ರಂಕಿನಲ್ಲಿ ಜೋಪಾನ ಮಾಡಿದವರು ಜಾಣರು. ಆ ಊರು, ಆ ವರ್ಷ, ಆ ಪಾತ್ರ ಎಂದು ತೋರಿಸಲು ಅವರ ಬಳಿ ಬೇರೆ ಸಾಕ್ಷಿಯಿಲ್ಲ. ಇಲಿ ತಿಂದದ್ದೇ ಹೆಚ್ಚು.

ಕೆಲವರಿಗೆ ಹುಟ್ಟಿದ ದಿನ ಚೆನ್ನಾಗಿಯೇ ಗೊತ್ತಿರುತ್ತದೆ: "ಶರಣಬಸಪ್ಪನ ತೇರಿನ ದಿನ." ತೇರು ಎಳೆಯುವುದು ಹೋಳಿ ಹುಣ್ಣಿಮೆಯಾದ ಐದನೇ ದಿನ. ಒಂದು ವರ್ಷ ಮಾರ್ಚ್ ಎರಡನೇ ವಾರಕ್ಕೆ ಬಂದರೆ ಇನ್ನೊಂದು ವರ್ಷ ತಿಂಗಳ ಕೊನೆಗೆ. ಅಂದು ಕಲಬುರಗಿಯಲ್ಲಿ ಲಕ್ಷ ಜನ ಸೇರುತ್ತಾರೆ, ಪೇಟೆಯ ತುಂಬ ಬೆಂಡು ಬತ್ತಾಸು. ಅರ್ಜಿಯಲ್ಲಿ ಮಾತ್ರ ಜನವರಿ 1.