ಗಿಡ್ಡ ಲಿಂಕು, ಗಿಡ್ಡ ಬುದ್ಧಿ

2025ರ ಆಗಸ್ಟ್ 25ರಂದು ಗೂಗಲ್ ಕಂಪನಿ ತನ್ನ ಗೂ.ಜಿಎಲ್ ಹೆಸರಿನ ಗಿಡ್ಡ ಲಿಂಕುಗಳಿಗೆ ಬೀಗ ಜಡಿಯಿತು. ಬಳಕೆಯಲ್ಲಿದ್ದವಕ್ಕೆ ಕೊನೆಗಳಿಗೆಯಲ್ಲಿ ವಿನಾಯಿತಿ ಸಿಕ್ಕಿತು; 2024ರ ಕೊನೆಯ ಹೊತ್ತಿಗೆ ಯಾರೂ ಒತ್ತದೆ ಬಿದ್ದಿದ್ದವು ಸತ್ತವು. ಇದು ರಾತ್ರೋರಾತ್ರಿ ಬಂದ ಆಪತ್ತೇನೂ ಆಗಿರಲಿಲ್ಲ. ಸೇವೆ ನಿಲ್ಲಿಸುತ್ತೇವೆಂದು ಕಂಪನಿ 2018ರ ಮಾರ್ಚ್‌ನಲ್ಲೇ ಸಾರಿತ್ತು, ಹಳೆಯ ಲಿಂಕುಗಳೂ ಹೋಗುತ್ತವೆಂದು 2024ರ ಜುಲೈನಲ್ಲಿ ಮತ್ತೆ ಎಚ್ಚರಿಸಿತ್ತು. ಏಳು ವರ್ಷ ಡಂಗುರ ಹೊಡೆದರೂ ಕಿವಿಗೆ ಹಾಕಿಕೊಳ್ಳದೆ, ದಿನ ಬಂದಾಗ ‘ಗೂಗಲ್ ಹೀಗೆ ಮಾಡಬಾರದಿತ್ತು’ ಎಂದು ಹುಯಿಲಿಡುವವರ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಬಿಟ್ಟಿ ಸಿಕ್ಕ ಲಿಂಕನ್ನು ಪುಸ್ತಕದ ಅಡಿಟಿಪ್ಪಣಿಗೆ ತುರುಕಿದವರು ಅವರೇ.

ಯಾರೂ ಒತ್ತದ ಲಿಂಕು ಯಾರಿಗೂ ಬೇಡದ ಲಿಂಕು ಎಂದು ಸರ್ವರ್ ತಿಳಿಯಬಹುದು, ನಾವು ತಿಳಿಯಬಾರದು. ಪಿಎಚ್.ಡಿ. ಪ್ರಬಂಧದ ಅಡಿಟಿಪ್ಪಣಿಯನ್ನು ವರ್ಷಗಳಿಗೊಮ್ಮೆ ಒಬ್ಬ ತೆಗೆದು ನೋಡಿದರೆ ಹೆಚ್ಚು. ಆ ಒಬ್ಬನಿಗಾಗಿಯೇ ಅದು ಅಲ್ಲಿರುವುದು. ಅವನಿಗೆ ಈಗ ಸಿಗುವುದು 404, ಪುಟವೇ ಇಲ್ಲವೆಂಬ ಉತ್ತರ.

ಕನ್ನಡಿಗರಿಗೆ ಲಿಂಕು ಗಿಡ್ಡ ಮಾಡುವ ಈ ಚಟ ಹತ್ತಲು ಒಂದು ನ್ಯಾಯವಾದ ಕಾರಣವಿತ್ತು ಎಂಬುದನ್ನು ಒಪ್ಪುತ್ತೇನೆ. ಕನ್ನಡ ವಿಕಿಪೀಡಿಯದ ‘ಕರ್ನಾಟಕ’ ಪುಟದ ವಿಳಾಸವನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿ ನೋಡಿ. ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅರ್ಕಾವತ್ತು, ದೀರ್ಘ ಎಲ್ಲ ಬಿಡಿಸಿ ಏಳು ಸಂಕೇತ. ಒಂದೊಂದಕ್ಕೆ ಮೂರು ಬೈಟ್, ಒಂದೊಂದು ಬೈಟಿಗೆ ಶೇಕಡಾ ಚಿಹ್ನೆಯೂ ಸೇರಿ ಮೂರು ಗುರುತು. ಒಟ್ಟು 63. ಒಂದು ನಾಡಿನ ಹೆಸರು ಹೀಗೆ ಶೇಕಡಾ ಚಿಹ್ನೆಗಳ ಸರಪಟಾಕಿಯಾಗಿ ಸುರಿದರೆ ಯಾರಿಗಾದರೂ ಕತ್ತರಿ ಹುಡುಕುವ ಮನಸ್ಸಾಗುತ್ತದೆ. ಆದರೆ ಕತ್ತರಿ ಮನೆಯಲ್ಲೇ ಇದೆ. ವಿಕಿಮೀಡಿಯ ತನ್ನ ಪುಟಗಳಿಗಾಗಿ ತನ್ನದೇ ಗಿಡ್ಡ ವಿಳಾಸವನ್ನು 2019ರಿಂದ ನಡೆಸುತ್ತಿದೆ. ಪುಟ ಯಾರದೋ ಲಿಂಕೂ ಅವರದೇ. ಅದನ್ನು ಬಿಟ್ಟು ಊರಾಚೆಯ ಯಾವುದೋ ಅಂಗಡಿಗೆ ಓಡುವುದು ಬರೀ ರೂಢಿ.

ರೂಢಿ ಹುಟ್ಟಿದ ಕಾಲವೂ ಮುಗಿದಿದೆ. 2002ರಲ್ಲಿ ಕೆವಿನ್ ಗಿಲ್ಬರ್ಟ್‌ಸನ್ ಟೈನಿಯುಆರ್‌ಎಲ್ ಎಂಬ ಗಿಡ್ಡ ಲಿಂಕಿನ ಸೇವೆ ಶುರುಮಾಡಿದಾಗ ಉದ್ದನೆಯ ವಿಳಾಸ ಇಮೇಲ್‌ನಲ್ಲಿ ಸಾಲು ಮುರಿದು ಕೆಡುತ್ತಿತ್ತು. ಆಮೇಲೆ ಟ್ವಿಟರ್‌ನ 140 ಅಕ್ಷರಗಳ ಇಕ್ಕಟ್ಟು ಬಂತು, 2008ರಲ್ಲಿ ಅಂಥದೇ ಸೇವೆಯಾದ ಬಿಟ್‌ಲಿ ಬಂತು. ಈಗ ಟ್ವಿಟರಿನ ಹೊಸ ಹೆಸರಾದ ಎಕ್ಸ್‌ನಲ್ಲಿ ಲಿಂಕು ಎಷ್ಟೇ ಉದ್ದವಿರಲಿ, ಗಿಡ್ಡವಿರಲಿ, 23 ಅಕ್ಷರವೆಂದೇ ಎಣಿಕೆ. ಅಲ್ಲಿ ಬಿಟ್‌ಲಿ ಲಿಂಕು ಹಾಕುವವರು ಗಿಡ್ಡವನ್ನು ಮತ್ತೊಂದು ಗಿಡ್ಡದೊಳಗೆ ಸುತ್ತುತ್ತಿದ್ದಾರೆ, ಅಷ್ಟೆ.

ಬಿಟ್‌ಲಿಯ ಬಾಲದಲ್ಲಿರುವ ‘ಎಲ್‌ವೈ’ ಲಿಬಿಯಾ ದೇಶದ ಗುರುತು. ಅದೇ ಬಾಲದ ವಿಬಿ.ಎಲ್‌ವೈ ಎಂಬ ಸೇವೆಯ ವಿಳಾಸವನ್ನು 2010ರಲ್ಲಿ ಲಿಬಿಯಾದ ಅಧಿಕಾರಿಗಳು ಕಿತ್ತುಕೊಂಡರು. ಕ್ಲಿಗ್ಸ್ ಎಂಬ ಇನ್ನೊಂದು ಸೇವೆಗೆ 2009ರಲ್ಲಿ ಕನ್ನ ಬಿದ್ದು, ಸುಮಾರು 22 ಲಕ್ಷ ಲಿಂಕುಗಳು ಒಂದೇ ಪುಟದತ್ತ ತಿರುಗಿನಿಂತವು. ಈ ಕಥೆಗಳೆಲ್ಲ ಹದಿನೈದು ವರ್ಷ ಹಳೆಯವು. ಕಲಿಯಲು ಬೇಕಾದಷ್ಟು ಸಮಯವಿತ್ತು.

ಬಳಸುವವರಿಗಿಂತ ಕಟ್ಟುವವರ ಮೇಲೆ ನನಗೆ ಹೆಚ್ಚು ಸಿಟ್ಟು. ಬೆಂಗಳೂರಿನ ಸಾಫ್ಟ್‌ವೇರ್ ಸಂದರ್ಶನಗಳಲ್ಲಿ ‘ಲಿಂಕು ಗಿಡ್ಡ ಮಾಡುವ ವ್ಯವಸ್ಥೆ ಕಟ್ಟಿ ತೋರಿಸಿ’ ಎನ್ನುವುದು ಸವೆದುಹೋದ ಪ್ರಶ್ನೆ. ಹುಡುಗರು ಉತ್ತರವನ್ನು ಉರುಹೊಡೆದು ಬರುತ್ತಾರೆ: ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ ಸೇರಿ 62, ಆರು ಸ್ಥಾನ ಕೊಟ್ಟರೆ ಸುಮಾರು 5,680 ಕೋಟಿ ಲಿಂಕು, ಡೇಟಾಬೇಸ್ ಹೀಗೆ ಒಡೆಯಬೇಕು, ಕ್ಯಾಶ್ ಅಲ್ಲಿಡಬೇಕು. 301 ಎಂಬ ಸಂಕೇತ ಕೊಟ್ಟರೆ ಬ್ರೌಸರ್ ದಾರಿಯನ್ನು ನೆನಪಿಟ್ಟುಕೊಳ್ಳುತ್ತದೆ, 302 ಕೊಟ್ಟರೆ ಪ್ರತಿ ಸಲ ನಮ್ಮ ಬಾಗಿಲಿಗೇ ಬರುತ್ತದೆ, ಕ್ಲಿಕ್ ಎಣಿಸಬಹುದು. ಭೇಷ್. ಡೊಮೇನ್ ನವೀಕರಣಕ್ಕೆ ವರ್ಷ ವರ್ಷ ದುಡ್ಡು ಕಟ್ಟುವವರು ಯಾರು? ಕಳ್ಳರು ಇದೇ ಲಿಂಕು ಬಳಸಿ ಬ್ಯಾಂಕಿನ ನಕಲಿ ಪುಟಕ್ಕೆ ಜನರನ್ನು ಅಟ್ಟಿದರೆ ದೂರು ಕೇಳುವವರು ಯಾರು? ಅಂಗಡಿ ಮುಚ್ಚುವ ದಿನ ಯಾವ ಗಿಡ್ಡಕ್ಕೆ ಯಾವ ಉದ್ದ ಎಂಬ ಪಟ್ಟಿಯನ್ನು ಯಾರ ಕೈಗೆ ಒಪ್ಪಿಸುತ್ತೀರಿ? ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ವಾರಾಂತ್ಯದಲ್ಲಿ ಕಟ್ಟಿದ ಪ್ರಾಜೆಕ್ಟು ಬಿಟ್ಟಿ ಸರ್ವರ್ ಏರುತ್ತದೆ, ರೆಸ್ಯೂಮೆಗೆ ಒಂದು ಸಾಲು ಸೇರುತ್ತದೆ, ಕೆಲಸ ಸಿಕ್ಕಮೇಲೆ ಅತ್ತ ತಿರುಗಿ ನೋಡುವವರಿಲ್ಲ. ಹಾಗೆ ಸರ್ವರ್ ಕೊಡುತ್ತಿದ್ದ ಹೆರೋಕು ಕಂಪನಿ ತನ್ನ ಬಿಟ್ಟಿ ಸೇವೆಯನ್ನು 2022ರ ನವೆಂಬರ್‌ನಲ್ಲಿ ನಿಲ್ಲಿಸಿತು. ಅಂಥ ಪ್ರಾಜೆಕ್ಟಿನ ಲಿಂಕನ್ನು ನಂಬಿ ಗೆಳೆಯರ ಗುಂಪಿಗೆ, ಕಾಲೇಜಿನ ನೋಟಿಸಿಗೆ ಹಾಕಿದವರ ಗತಿಯನ್ನು ಯಾರು ಯೋಚಿಸಿದರು?

ಇನ್ನೊಂದು ಮೈಮರೆವು: ‘ಲಿಂಕು ಗೊತ್ತಿದ್ದವರಿಗೆ ಮಾತ್ರ ತೆರೆಯುತ್ತದೆ ಬಿಡಿ’. ಅಪಾರ್ಟ್‌ಮೆಂಟಿನ ನಿವಾಸಿಗಳ ಹೆಸರು, ಫೋನ್ ನಂಬರು ಇರುವ ಶೀಟನ್ನು ‘ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು’ ಎಂದಿಟ್ಟು, ಅದನ್ನು ಆರಕ್ಷರಕ್ಕೆ ಇಳಿಸಿ ಹಂಚುವವರು ಈ ಜಾತಿ. ಸಂಶೋಧಕರಾದ ಮಾರ್ಟಿನ್ ಜಾರ್ಜಿಯೆವ್ ಮತ್ತು ಕಾರ್ನೆಲ್ ಟೆಕ್‌ನ ವಿಟಾಲಿ ಶ್ಮಾಟಿಕೊವ್ 2016ರಲ್ಲೇ ಇದರ ಬಣ್ಣ ಬಯಲು ಮಾಡಿದರು. ಐದಾರು ಅಕ್ಷರದ ಸಂಕೇತಗಳನ್ನು ಕಂಪ್ಯೂಟರಿನಿಂದ ಸುಮ್ಮನೆ ಊಹಿಸುತ್ತ ಹೋದಾಗ ಯಾರ್ಯಾರದೋ ಒನ್‌ಡ್ರೈವ್ ಕಡತಗಳು ತೆರೆದುಕೊಂಡವು. ಕೆಲವಕ್ಕೆ ಹೊರಗಿನವರೂ ಬರೆಯಬಹುದಿತ್ತು. ಗೂಗಲ್ ಮ್ಯಾಪ್‌ನ ಗಿಡ್ಡ ಲಿಂಕುಗಳಲ್ಲಿ ಯಾವ ಮನೆಯಿಂದ ಯಾವ ಆಸ್ಪತ್ರೆಗೆ ದಾರಿ ಕೇಳಿದ್ದರು ಎಂಬುದೂ ಸಿಕ್ಕಿತು. ಗೂಗಲ್ ಆಮೇಲೆ ಅಕ್ಷರಗಳನ್ನು ಹೆಚ್ಚಿಸಿತು. ನೀವು ಹಂಚಿದ ಶೀಟು ಮಾತ್ರ ಹಾಗೇ ಇದೆ.

ಕಚೇರಿಗಳ ವಿಷಯಕ್ಕೆ ಬಂದರೆ ನಾಚಿಕೆಯಾಗಬೇಕು. ‘ಅಪರಿಚಿತ ಲಿಂಕು ಒತ್ತಬೇಡಿ’ ಎಂದು ಗೋಡೆಗೆ ಪೋಸ್ಟರ್ ಅಂಟಿಸುವವರೇ, ಎಲ್ಲಿಗೆ ಹೋಗುತ್ತದೆಂದು ದೇವರಿಗೂ ತಿಳಿಯದ ಗಿಡ್ಡ ಲಿಂಕನ್ನು ಗ್ರಾಹಕರಿಗೆ ಎಸ್‌ಎಂಎಸ್ ಮಾಡುತ್ತಾರೆ. ಕೆವೈಸಿ ಅವಧಿ ಮುಗಿದಿದೆ, ಕರೆಂಟು ಕಟ್ಟಾಗುತ್ತದೆ, ಚಲನ್ ಬಾಕಿಯಿದೆ ಎಂದು ಕಳ್ಳ ಕಳಿಸುವ ಸಂದೇಶವೂ ಕಾಣುವುದು ಹಾಗೆಯೇ. ಒತ್ತುವ ಅಭ್ಯಾಸ ಮಾಡಿಸಿದವರು ನೀವು, ಫಸಲು ಕೊಯ್ದವನು ಅವನು. ಮೊದಲೇ ನೋಂದಾಯಿಸದ ಲಿಂಕಿರುವ ವಾಣಿಜ್ಯ ಎಸ್‌ಎಂಎಸ್‌ಗಳನ್ನು ತಡೆಯುವ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ಆದೇಶ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ವಾಟ್ಸ್‌ಆ್ಯಪ್‌ಗೆ ಆ ಬೇಲಿಯೂ ಇಲ್ಲ.

ಮುದ್ರಣದವರೂ ಸಾಚಾಗಳಲ್ಲ. ಪುಸ್ತಕದ ಹಿಂಬದಿಗೆ, ಸ್ಮರಣ ಸಂಚಿಕೆಗೆ ಕ್ಯೂಆರ್ ಕೋಡ್ ಹಾಕಿಸುವಾಗ ‘ಡೈನಮಿಕ್’ ಎಂದು ಮಾರುವುದರ ಒಳಗಿರುವುದೂ ಒಂದು ಗಿಡ್ಡ ಲಿಂಕೇ. ಚಂದಾ ಮುಗಿದರೆ ಸಾವಿರ ಪ್ರತಿಯ ಮೇಲಿನ ಚೌಕ ಬರೀ ಕಪ್ಪು ಬಿಳಿ ಚುಕ್ಕೆ.

ಪ್ರಕಾಶಕರೇ, ಕರಡು ತಿದ್ದುವಾಗ ಕಾಗುಣಿತದ ಜೊತೆ ಲಿಂಕುಗಳನ್ನೂ ತಿದ್ದಿ: ಗಿಡ್ಡವನ್ನು ಕಿತ್ತು ಮೂಲ ವಿಳಾಸ ಹಾಕಿ, ಆ ಪುಟದ ಒಂದು ಪ್ರತಿಯನ್ನು ಹಳೆಯ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿ. ಗಿಡ್ಡವೇ ಬೇಕೆನ್ನುವ ಸಂಸ್ಥೆಗಳು ಸ್ವಂತ ಡೊಮೇನಿನಲ್ಲಿ ಮಾಡಿಕೊಳ್ಳಲಿ. ಓದುಗರು ಬಿಟ್‌ಲಿ ಲಿಂಕಿನ ಕೊನೆಗೆ ಕೂಡುವ ಚಿಹ್ನೆ ಸೇರಿಸಿದರೆ ಒಳಗೆ ಹೋಗುವ ಮೊದಲೇ ಗಮ್ಯ ಕಾಣುತ್ತದೆ. ಇನ್ನು ಹೊಸ ಸೇವೆ ಕಟ್ಟಹೊರಟ ಎಂಜಿನಿಯರುಗಳಲ್ಲಿ ಒಂದೇ ಮಾತು: ಮುಚ್ಚುವ ದಿನ ಪಟ್ಟಿ ಯಾರಿಗೆ ಕೊಡುತ್ತೀರೆಂದು ಮೊದಲ ಪುಟದಲ್ಲೇ ಬರೆಯಿರಿ. ಬರೆಯಲು ಆಗದಿದ್ದರೆ ಅದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಳ್ಳಿ.