ಇರುಳಿನ ಅಡುಗೆಯೂ ಮಕ್ಕಳ ಓದೂ

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ನಾವೆಲ್ಲರೂ ಕೇಳಿ ಬಲ್ಲೆವು. ಊಟ ಬಲ್ಲವನ ಆರೋಗ್ಯದ ಮಾತು ಹಾಗಿರಲಿ. ಆ ಊಟವನ್ನು ಸಿದ್ಧಪಡಿಸುವವರ ಹೊತ್ತಿನ ಬಗ್ಗೆ ನಾವು ಮಾತನಾಡುವುದು ತೀರ ಕಡಿಮೆ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಸಾಹಿತ್ಯ, ಚರಿತ್ರೆ, ರಾಜ್ಯಶಾಸ್ತ್ರಗಳ ನಡುವೆ ಅಡುಗೆಗೇನು ಸ್ಥಾನ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಸಂಜೆ ಆರರಿಂದ ಒಂಬತ್ತರವರೆಗಿನ ಮೂರು ಗಂಟೆಗಳು ಅಡುಗೆಯ ಹೊತ್ತೂ ಹೌದು, ಓದಿನ ಹೊತ್ತೂ ಹೌದು. ಒಂದೇ ಹೊತ್ತಿಗೆ ಇಬ್ಬರು ಹಕ್ಕುದಾರರು. ಈ ವ್ಯಾಜ್ಯದಲ್ಲಿ ಸೋಲುವುದು ಸಾಮಾನ್ಯವಾಗಿ ಓದು. ಅದರಲ್ಲಿಯೂ ಹೆಣ್ಣುಮಕ್ಕಳ ಓದು. ಆದುದರಿಂದ ಇರುಳಿನ ಅಡುಗೆ ಹಗುರಾಗಬೇಕೆಂಬುದು ಬರಿಯ ರುಚಿಯ ಪ್ರಶ್ನೆಯಲ್ಲ, ವಿದ್ಯೆಯ ಪ್ರಶ್ನೆಯೂ ಹೌದೆಂದು ನನ್ನ ಅಭಿಪ್ರಾಯ.

ಇಂದಿನ ದುಡಿಯುವ ಕುಟುಂಬದ ಸ್ಥಿತಿಯನ್ನು ಮೊದಲು ನೋಡೋಣ. ಕೂಡುಕುಟುಂಬದಲ್ಲಿ ಒಬ್ಬಳು ಹೊಲಕ್ಕೆ ಹೋದರೆ ಇನ್ನೊಬ್ಬಳು ಒಲೆಯ ಮುಂದಿರುತ್ತಿದ್ದಳು. ಈಗ ಎಷ್ಟೋ ಮನೆಗಳಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ಇಷ್ಟೇ ಜನ. ಗಂಡ ಹೆಂಡಿರಿಬ್ಬರೂ ದುಡಿಯಲು ಹೊರಗೆ ಹೋಗುತ್ತಾರೆ. ಬೆಂಗಳೂರು, ರಾಮನಗರ, ಮಂಡ್ಯದ ಕಡೆಯ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಅವರು ಸಂಜೆ ಹೊಲಿಗೆಯ ಯಂತ್ರದ ಮುಂದಿನಿಂದ ಎದ್ದು, ಬಸ್ಸು ಹಿಡಿದು, ದಾರಿಯಲ್ಲಿ ಸೊಪ್ಪು ಕೊಂಡು ಮನೆ ಸೇರುವ ವೇಳೆಗೆ ದೀಪ ಹಚ್ಚುವ ಹೊತ್ತು ಕಳೆದಿರುತ್ತದೆ. ಬೆಳಗಿನ ತಿಂಡಿ ಅವಸರದ್ದು. ಮಧ್ಯಾಹ್ನ ತಂದೆತಾಯಿಯರದು ಡಬ್ಬಿಯ ಊಟ. ಸರ್ಕಾರಿ ಶಾಲೆಯ ಮಕ್ಕಳಿಗೆ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ. ಹೀಗಾಗಿ ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು ಇರುಳಿನ ಊಟವೊಂದನ್ನೇ. ಅದು ಚೆನ್ನಾಗಿರಬೇಕೆಂಬ ಆಸೆ ಎಲ್ಲರಿಗೂ ಇರುವುದು ಸಹಜ. ಆ ಆಸೆಯ ಭಾರವೆಲ್ಲ ಒಬ್ಬಳ ಹೆಗಲ ಮೇಲೆ ಬೀಳುವುದು ಮಾತ್ರ ಸಹಜವೂ ಅಲ್ಲ, ನ್ಯಾಯವೂ ಅಲ್ಲ.

ಬೇಗನೆ ಆಗುವ ಅಡುಗೆಯೆಂದರೆ ಪೊಟ್ಟಣದ ಅಡುಗೆಯೆಂದೇ ಈಚೆಗೆ ಅನೇಕರು ಭಾವಿಸಿದ್ದಾರೆ. ಇದು ನಮ್ಮ ನಾಡಿನ ಅಡುಗೆಯನ್ನು ಅರಿಯದವರ ಮಾತು. ದಿನವೆಲ್ಲ ಗದ್ದೆ ಹೊಲಗಳಲ್ಲಿ ಬಾಗಿ ದುಡಿದು ಬಂದ ಹೆಂಗಸರು ಕತ್ತಲಾಗುವುದರೊಳಗೆ ಮಕ್ಕಳಿಗೆ ಉಣಬಡಿಸಬೇಕಾಗಿತ್ತು. ಆ ಅಗತ್ಯಕ್ಕೆ ಹೊಂದುವ ಊಟಗಳು ಕರ್ನಾಟಕದ ಒಂದೊಂದು ಸೀಮೆಯಲ್ಲಿಯೂ ಇವೆ. ಮಂಡ್ಯದ ಕಡೆಯ ಉಪ್ಸಾರನ್ನು ತೆಗೆದುಕೊಳ್ಳಿರಿ. ಬೆಳಿಗ್ಗೆ ನೆನೆಹಾಕಿದ ಹುರುಳಿಯನ್ನೋ ಅವರೆಯನ್ನೋ ಉಪ್ಪು ಹಾಕಿ ಬೇಯಿಸಿದರೆ ಬಸಿದ ನೀರೇ ಸಾರು, ಉಳಿದ ಕಾಳೇ ಪಲ್ಯ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಿಸೆಹಣ್ಣು, ಉಪ್ಪು ಸೇರಿಸಿ ಅರೆದ ಖಾರವನ್ನು ಒಮ್ಮೆ ಮಾಡಿಟ್ಟರೆ ಕೆಲವು ದಿನ ಬರುತ್ತದೆ. ಮಕ್ಕಳಿರುವ ಮನೆಗೆ ಇದರಿಂದ ಇನ್ನೊಂದು ಉಪಕಾರವಿದೆ. ಖಾರವನ್ನು ಅವರವರು ತಟ್ಟೆಯಲ್ಲಿಯೇ ಕಲಸಿಕೊಳ್ಳುವುದರಿಂದ ಮಗುವಿಗೆ ಬೇರೆ ಪಾತ್ರೆ, ಅಜ್ಜನಿಗೆ ಬೇರೆ ಪಾತ್ರೆ ಎಂದು ಇಡಬೇಕಾಗಿಲ್ಲ. ಬಿಜಾಪುರ, ಕಲಬುರಗಿಯ ಕಡೆ ಜೋಳದ ಖಡಕ್ ರೊಟ್ಟಿಯಿದೆ. ನೀರಿನ ಪಸೆ ಹೋಗುವಂತೆ ಒಣಗಿಸಿದ ಆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅದರೊಂದಿಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಈರುಳ್ಳಿ ಇದ್ದರೆ ಒಲೆಯನ್ನೇ ಹಚ್ಚದೆ ತುಂಬಿದ ಊಟವಾಗುತ್ತದೆ. ಮಲೆನಾಡಿನವರಿಗೆ ತಂಬುಳಿ, ಕರಾವಳಿಯವರಿಗೆ ಗಂಜಿ ಚಟ್ನಿ. ಇವುಗಳಲ್ಲಿ ಯಾವುದೂ ಬಡವರ ಗತಿಗೇಡಿನ ಊಟವಲ್ಲ. ಹೊತ್ತಿನ ಬೆಲೆಯನ್ನು ಬಲ್ಲವರ ಊಟ.

ರಾಗಿಯ ವಿಷಯದಲ್ಲಿಯಂತೂ ನಾವು ನಾಚಬೇಕಾದ ಕಾರಣವೇ ಇಲ್ಲ. ಭತ್ತವೂ ನರೆದಲೆಗವೆಂಬ ರಾಗಿಯೂ ತಮ್ಮಲ್ಲಿ ಯಾರು ಹೆಚ್ಚೆಂದು ರಾಮನ ಮುಂದೆ ವಾದ ಹೂಡಿದ ಕಥೆಯನ್ನು ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಹೇಳಿದ್ದಾರೆ. ಆರು ತಿಂಗಳ ಸೆರೆವಾಸದ ಬಳಿಕ ಭತ್ತ ಕಳೆಗುಂದಿತು, ರಾಗಿ ಗಟ್ಟಿಯಾಗಿ ಉಳಿಯಿತು. ಕವಿಯ ತೀರ್ಪಿಗೆ ಇಂದಿನ ವಿಜ್ಞಾನವೂ ತಲೆದೂಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಸುಮಾರು 10 ಮಿಲಿಗ್ರಾಂ ಮಾತ್ರ. ಬೆಳೆಯುವ ಮಕ್ಕಳ ಎಲುಬಿಗೆ ಯಾವುದು ಹಿತವೆಂದು ಬೇರೆ ಹೇಳಬೇಕಾಗಿಲ್ಲ. ಎರಡು ಲೋಟ ನೀರು ಕುದಿಸಿ, ಒಂದು ಲೋಟ ಹಿಟ್ಟು ಹಾಕಿ, ಗಂಟಿಲ್ಲದಂತೆ ತಿರುವಿ ಮುದ್ದೆ ಕಟ್ಟಲು ಕಾಲು ಗಂಟೆ ಸಾಕು. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಪಟ್ಟಣದ ಸಿರಿವಂತರೂ ರಾಗಿಯನ್ನು ಹುಡುಕಿಕೊಂಡು ಬಂದಿದ್ದಾರೆ. ಆದರೆ ನಮ್ಮ ಹಳ್ಳಿಯ ಕೆಲವು ಮನೆಗಳಲ್ಲಿ ನೆಂಟರು ಬಂದರೆಂದು ಮುದ್ದೆಯ ಪಾತ್ರೆಯನ್ನು ಮರೆಗೆ ಸರಿಸುವ ವಾಡಿಕೆ ಇನ್ನೂ ಹೋಗಿಲ್ಲ.

ಹಾಗೆಂದು ಪೊಟ್ಟಣದ ತಿನಿಸನ್ನು ತಂದುಕೊಡುವ ತಾಯಂದಿರನ್ನು ನಾನು ದೂಷಿಸಲಾರೆ. 1980ರ ದಶಕದಲ್ಲಿ ಎರಡೇ ನಿಮಿಷದ ಶಾವಿಗೆಯೆಂದು ಮಾರುಕಟ್ಟೆಗೆ ಬಂದ ಪೊಟ್ಟಣ ಇಂದು ಹಳ್ಳಿಯ ಅಂಗಡಿಯಲ್ಲಿಯೂ ತೂಗಾಡುತ್ತಿದೆ. ದಣಿದ ತಾಯಿ, ಹಸಿದು ಅಳುವ ಮಗು. ಇವರಿಬ್ಬರ ನಡುವೆ ಆ ಪೊಟ್ಟಣ ಆಪದ್ಬಾಂಧವನಂತೆ ಬಂದು ನಿಲ್ಲುವುದು ನಿಜ. ಅದನ್ನು ಅಪರೂಪಕ್ಕೆ ತಿಂದರೆ ಲೋಕವೇನೂ ಮುಳುಗದು. ಆದರೆ ಮೈದಾ, ಎಣ್ಣೆ, ಉಪ್ಪುಗಳಿಂದಾದ ಆ ತಿನಿಸು ದಿನನಿತ್ಯದ ಊಟವಾಗಬಾರದು. ಅವಸರಕ್ಕೆ ಒದಗುವ ಪದಾರ್ಥ ನಮ್ಮಲ್ಲಿಯೂ ಇಲ್ಲದಿಲ್ಲ. ಅವಲಕ್ಕಿಯನ್ನು ನೋಡಿರಿ. ಭತ್ತವನ್ನು ನೆನೆಸಿ, ಹುರಿದು, ಕುಟ್ಟಿ ತಯಾರಿಸುವುದರಿಂದ ಅದು ಆಗಲೇ ಬೆಂದಂತಿರುತ್ತದೆ. ನೀರಿನಲ್ಲಿ ಕೆಲವು ನಿಮಿಷ ನೆನೆದರೆ ಸಾಕು. ಅದಕ್ಕೊಂದು ಒಗ್ಗರಣೆ, ಹಿಡಿ ಶೇಂಗಾ, ನಿಂಬೆಯ ರಸ ಕೂಡಿದರೆ ಮಕ್ಕಳು ಬೇಡವೆನ್ನುವುದಿಲ್ಲ. ಇನ್ನು ಹೋಟೆಲಿನಿಂದ ತರಿಸುವ ಊಟ. ನಾಲ್ಕು ಜನರ ಮನೆಯವರು ವಾರಕ್ಕೆ ಮೂರು ಸಲ ಹಾಗೆ ತರಿಸಿದರೆ ಕೂಲಿಯ ಹಣದಲ್ಲಿ ಏನು ಉಳಿದೀತೆಂಬುದನ್ನು ಅರ್ಥಶಾಸ್ತ್ರ ಓದದವರೂ ಲೆಕ್ಕ ಹಾಕಬಲ್ಲರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕುಕ್ಕರು, ಮಿಕ್ಸಿ, ಗ್ಯಾಸು ಇವೆಲ್ಲ ಬಂದಿರುವಾಗ ಹೆಂಗಸರ ಹೊರೆ ತಾನಾಗಿಯೇ ಇಳಿದಿರಬೇಕಲ್ಲವೆ? 1679ರಲ್ಲಿ ಡೆನಿಸ್ ಪಾಪ್ಯಾನ್ ಎಂಬ ಫ್ರೆಂಚ್ ವಿಜ್ಞಾನಿ ಆವಿಯ ಒತ್ತಡದಲ್ಲಿ ಬೇಯಿಸುವ ಪಾತ್ರೆಯನ್ನು ಕಂಡುಹಿಡಿದನು. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗಿಂತ ಹೆಚ್ಚು ಕಾಯುವುದಿಲ್ಲ. ಕುಕ್ಕರಿನಲ್ಲಿ ಅದು ಸುಮಾರು 120 ಡಿಗ್ರಿಯವರೆಗೆ ಏರುತ್ತದೆ. ಆದುದರಿಂದಲೇ ಬೇಳೆಕಾಳು ಬೇಗ ಬೇಯುತ್ತವೆ. ಇಷ್ಟಾದರೂ ಅಂಕಿಗಳು ಹೇಳುವ ಕಥೆ ಬೇರೆಯೇ ಇದೆ. ನಮ್ಮ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಕೇಂದ್ರ ಸರ್ಕಾರ 2019ರಲ್ಲಿ ಒಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಿದ್ದರು. ಗಂಡಸರು 97 ನಿಮಿಷ. ಹಾಗೆ ತೊಡಗಿದವರಾದರೂ ಎಷ್ಟು ಜನ? ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. 2024ರಲ್ಲಿ ಮತ್ತೆ ಸಮೀಕ್ಷೆಯಾದಾಗ ಹೆಂಗಸರ ಹೊತ್ತು 289 ನಿಮಿಷಕ್ಕೆ ಇಳಿದಿತ್ತು. ಸಂತೋಷಪಡೋಣವೆಂದರೆ ಗಂಡಸರ ಹೊತ್ತೂ 88ಕ್ಕೆ ಇಳಿದಿತ್ತು! ಯಂತ್ರವು ಬೇಯುವ ಹೊತ್ತನ್ನು ಕಡಮೆ ಮಾಡೀತೇ ಹೊರತು, ಸೊಪ್ಪು ಬಿಡಿಸಲು, ಪಾತ್ರೆ ಬೆಳಗಲು, ಮಗುವಿಗೆ ಉಣಿಸಲು ಇನ್ನೊಂದು ಕೈಯನ್ನು ತಂದುಕೊಡಲಾರದು. 'ಕೈ ಕೆಸರಾದರೆ ಬಾಯಿ ಮೊಸರು' ಎಂಬುದು ಒಳ್ಳೆಯ ಗಾದೆಯೇ. ಆದರೆ ನಮ್ಮ ಮನೆಗಳಲ್ಲಿ ಕೆಸರಾಗುವ ಕೈ ಒಬ್ಬರದು, ಮೊಸರಾಗುವ ಬಾಯಿ ಎಲ್ಲರದು.

ಈ ಒಬ್ಬರಿಗೆ ಸಹಾಯಕಳಾಗಿ ನಿಲ್ಲುವವಳು ಬಹುಮಟ್ಟಿಗೆ ಮನೆಯ ಹಿರಿಯ ಮಗಳು. ತಾಯಿ ಕೆಲಸದಿಂದ ಬರುವುದು ತಡವಾದಷ್ಟೂ ಮಗಳು ಒಲೆಯ ಮುಂದೆ ನಿಲ್ಲುವುದು ಬೇಗನೆ. ನಮ್ಮ ತರಗತಿಯ ಸೋದರಿಯರಲ್ಲಿ ಹಲವರು ಕಾಲೇಜಿನಿಂದ ಮನೆಗೆ ಹೋದೊಡನೆ ಪುಸ್ತಕ ಇಟ್ಟು ಪಾತ್ರೆ ಹಿಡಿಯುತ್ತಾರೆ. ನಾನೂ ಅವರಲ್ಲಿ ಒಬ್ಬಳು. ಅದೇ ಹೊತ್ತಿನಲ್ಲಿ ಅದೇ ಮನೆಯ ಹುಡುಗ ಓದುತ್ತಿರುತ್ತಾನೆ. ಓದದಿದ್ದರೆ ಮೊಬೈಲ್ ನೋಡುತ್ತಿರುತ್ತಾನೆ. ಎರಡನ್ನೂ ಯಾರೂ ತಡೆಯುವುದಿಲ್ಲ. ಒಂಬತ್ತೂವರೆಗೆ ಪಾತ್ರೆ ತೊಳೆದು ಮುಗಿಸಿದ ಮೇಲೆ ಹುಡುಗಿ ಪುಸ್ತಕ ತೆರೆದರೆ ಅಕ್ಷರಕ್ಕಿಂತ ಮೊದಲು ನಿದ್ರೆ ಕಾಣುತ್ತದೆ. ಪರೀಕ್ಷೆಯಲ್ಲಿ ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಮೂರು ಗಂಟೆ. ಆದರೆ ಪರೀಕ್ಷೆಗೆ ಮುಂಚಿನ ಮೂರು ಗಂಟೆಗಳು ಇಬ್ಬರಿಗೂ ಒಂದೇ ಆಗಿದ್ದವೆ? ಮೊದಲ ತಲೆಮಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರ ಮನೆಯಲ್ಲಿ ಫೀಜು ಕಟ್ಟುವುದೇ ವಿದ್ಯೆ ಕೊಡಿಸಿದಂತೆ ಎಂಬ ನಂಬಿಕೆಯಿದೆ. ಹೊತ್ತನ್ನು ಕೊಡಿಸುವುದೂ ವಿದ್ಯೆ ಕೊಡಿಸುವುದರ ಒಂದು ಭಾಗವೆಂಬುದನ್ನು ನಾವೇ ಅವರಿಗೆ ವಿನಯದಿಂದ ತಿಳಿಸಬೇಕಾಗಿದೆ.

ಹಾಗಾದರೆ ಮಾಡತಕ್ಕದ್ದೇನು? ಬರಿಯ ದೂರು ಹೇಳಿ ನಿಲ್ಲಿಸುವುದು ಸರಿಯಲ್ಲವಾದುದರಿಂದ ಮೂರು ಮಾತುಗಳನ್ನು ಮುಂದಿಡುತ್ತೇನೆ.

ಮೊದಲನೆಯದು, ಕೆಲಸದ ದಿನಗಳಲ್ಲಿ ಇರುಳಿಗೆ ಒಂದೇ ಮುಖ್ಯ ಪದಾರ್ಥವೆಂಬ ನಿಯಮ. ಸೋಮವಾರ ಮುದ್ದೆ ಉಪ್ಸಾರು, ಮಂಗಳವಾರ ಅಕ್ಕಿ, ಹೆಸರುಬೇಳೆ, ತರಕಾರಿಗಳನ್ನು ಒಂದೇ ಕುಕ್ಕರಿಗೆ ಹಾಕಿ ಬೇಯಿಸಿದ ಖಾರದ ಹುಗ್ಗಿ, ಬುಧವಾರ ಖಡಕ್ ರೊಟ್ಟಿ, ಹಿಂಡಿ, ಮೊಸರು, ಗುರುವಾರ ಅವಲಕ್ಕಿ, ಶುಕ್ರವಾರ ಸೊಪ್ಪಿನ ಬಸ್ಸಾರು, ಶನಿವಾರ ತರಕಾರಿ ಹಾಕಿದ ಉಪ್ಪಿಟ್ಟು, ತಿನ್ನುವ ಮನೆಯಲ್ಲಿ ಬೇಯಿಸಿದ ಮೊಟ್ಟೆ. ಹೀಗೆ ವಾರದ ಊಟವನ್ನು ಮೊದಲೇ ಗೊತ್ತುಮಾಡಿದರೆ 'ಇವತ್ತೇನು ಮಾಡಲಿ' ಎಂಬ ದಿನದಿನದ ಚಿಂತೆ ಅರ್ಧ ಕಳೆಯುತ್ತದೆ. ಅನ್ನ, ಸಾರು, ಪಲ್ಯ, ಹಪ್ಪಳಗಳ ಸಾಲು ಹಬ್ಬಕ್ಕೂ ಭಾನುವಾರಕ್ಕೂ ಇರಲಿ.

ಎರಡನೆಯದು, ಭಾನುವಾರದ ಒಂದೆರಡು ಗಂಟೆಯ ಸಿದ್ಧತೆ. ಉಪ್ಸಾರಿನ ಖಾರ, ಸಾರಿನ ಪುಡಿ, ಚಟ್ನಿಪುಡಿಗಳನ್ನು ಅಂದು ಮಾಡಿಟ್ಟುಕೊಳ್ಳಬಹುದು. ಕಾಳನ್ನು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ನೀರಿಗೆ ಹಾಕಿದರೆ ಸಂಜೆ ಕುಕ್ಕರಿನಲ್ಲಿ ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ.

ಮೂರನೆಯದೇ ಮುಖ್ಯವಾದುದು: ಕೈಗಳ ಸಂಖ್ಯೆ ಹೆಚ್ಚಬೇಕು. ಏಳು ವರ್ಷದ ಮಗು ಬೆಳ್ಳುಳ್ಳಿ ಸುಲಿಯಬಲ್ಲದು, ತಟ್ಟೆ ಇಡಬಲ್ಲದು. ಹತ್ತು ವರ್ಷದವರು ಸೊಪ್ಪು ಬಿಡಿಸಬಲ್ಲರು. ಕಬಡ್ಡಿಯಲ್ಲಿ ಎದುರಾಳಿಯನ್ನು ಹಿಡಿದು ನಿಲ್ಲಿಸುವ ತೋಳುಳ್ಳ ಹುಡುಗನಿಗೆ ಮುದ್ದೆ ತಿರುವುವುದು ಕಷ್ಟವೆಂದರೆ ನಂಬುವವರಾರು? ಹೋಟೆಲಿನಲ್ಲಿಯೂ ಮದುವೆಯ ಮನೆಯಲ್ಲಿಯೂ ಸೌಟು ಹಿಡಿಯುವವರು ಬಹುತೇಕ ಗಂಡಸರೇ. ಸಂಬಳವಿದ್ದಾಗ ಗೌರವವಾಗುವ ಕೆಲಸ ಮನೆಯಲ್ಲಿ ಅವಮಾನವಾಗುವುದು ಹೇಗೆ? ಒಂದು ದಿನ ಅಣ್ಣ ಅಡುಗೆಗೆ ನಿಂತರೆ ಅಂದು ತಂಗಿ ಓದಲಿ; ಮರುದಿನ ತಂಗಿ ನಿಂತಾಗ ಅಣ್ಣ ಓದಲಿ. ತಂದೆ ಪಾತ್ರೆ ತೊಳೆಯಲಿ. ತಾಯಿ ಬಂದೊಡನೆ ಹತ್ತು ನಿಮಿಷ ಕುಳಿತು ನೀರು ಕುಡಿಯಲಿ.

ಇದಕ್ಕೆ ಆಕ್ಷೇಪಣೆಗಳು ಬರುವುದನ್ನು ನಾನು ಬಲ್ಲೆ. ಅಡುಗೆ ಮಾಡುವುದರಲ್ಲಿ ಹೆಣ್ಣಿಗೆ ಸಂತೋಷವಿದೆಯಲ್ಲವೆ ಎಂದು ಕೆಲವರು ಕೇಳುತ್ತಾರೆ. ಇದೆ, ಸಂಗೀತದಲ್ಲಿರುವಂತೆ ಅದರಲ್ಲಿಯೂ ಸಂತೋಷವಿದೆ. ಆದರೆ ದಿನವೂ ದಣಿದು ಬಂದು ಅವಸರದಲ್ಲಿ ಹಾಡಬೇಕಾದರೆ ಸಂಗೀತಗಾರನಿಗೂ ಹಾಡು ಬೇಸರವಾದೀತು. ಹುಡುಗಿ ನಾಳೆ ಹೋಗುವ ಮನೆಯಲ್ಲಿ ಅಡುಗೆ ಬಾರದೆ ಕಷ್ಟಪಡುತ್ತಾಳೆಂಬುದು ಇನ್ನೊಂದು ಮಾತು. ಕಲಿಯಬಾರದೆಂದು ಯಾರು ಹೇಳಿದರು? ಅವಳೂ ಕಲಿಯಲಿ, ಅವಳೊಡನೆ ಅವನೂ ಕಲಿಯಲಿ. ಕೆಲಸಕ್ಕೆಂದು ಪರಊರಿಗೆ ಹೋಗಿ ಕೋಣೆ ಹಿಡಿದು ಇರಬೇಕಾದಾಗ ಹಸಿವು ಗಂಡು ಹೆಣ್ಣೆಂಬ ಭೇದ ಮಾಡುವುದಿಲ್ಲ.

ಕಾಯಕವೆಂದರೆ ಕೈಲಾಸವೆಂದು ಸಾರಿದ ನಾಡು ನಮ್ಮದು. ಸಭೆಯಲ್ಲಿ ಆ ಮಾತನ್ನಾಡಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಮನೆಯ ಒಲೆಯ ಮುಂದೆ ಅದನ್ನು ನಡೆಸಿ ತೋರಿಸುವುದು ಕಷ್ಟ. ಇನ್ನು ಕೆಲವು ತಿಂಗಳಿಗೆ ಪದವೀಧರರೆನಿಸಿಕೊಂಡು ಹೊರಡುವ ನಾವು ಸಮಾಜವನ್ನು ತಿದ್ದುವ ದೊಡ್ಡ ಮಾತುಗಳನ್ನು ಬೇಕಾದಷ್ಟು ಕೇಳಿದ್ದೇವೆ, ಬರೆದಿದ್ದೇವೆ. ಅಷ್ಟು ದೊಡ್ಡದು ಆಗುವ ತನಕ ಈ ಚಿಕ್ಕದೊಂದನ್ನು ಮಾಡಬಹುದು. ಈ ಸಂಚಿಕೆಯನ್ನು ಓದುವ ಸೋದರರು ಮುಂದಿನ ಸೋಮವಾರದ ಇರುಳಿನ ಅಡುಗೆಯನ್ನು ತಾವು ವಹಿಸಿಕೊಳ್ಳಲಿ. ಮೊದಲ ದಿನ ಮುದ್ದೆ ಗಂಟಾದರೆ ಆಗಲಿ; ಆ ಒಂದು ಗಂಟೆಯಲ್ಲಿ ಅವರ ತಂಗಿ ಪಾಠದ ಹತ್ತು ಪುಟವನ್ನಾದರೂ ಓದಿ ಮುಗಿಸಿರುತ್ತಾಳೆ.