ಹೊಳೆ ಸುಮ್ಮನಿರುವಾಗ ಶಾಲೆಗೆ ರಜೆ

ಮಾರ್ಚ್ ಬಂತೆಂದರೆ ನಮ್ಮ ಕಾಲೇಜಿನ ಜಗಲಿಯಲ್ಲಿ ಒಂದೇ ಮಾತು: ರಜೆಯಲ್ಲಿ ಏನು ಮಾಡುವುದು? ಕೆಲವರು ಸಿಇಟಿ, ನೀಟ್ ಕೋಚಿಂಗ್ ಎನ್ನುತ್ತಾರೆ. ಕೆಲವರು ಬಟ್ಟೆ ಅಂಗಡಿಯಲ್ಲೋ ಮೊಬೈಲ್ ಅಂಗಡಿಯಲ್ಲೋ ಎರಡು ತಿಂಗಳ ಕೆಲಸ ಹುಡುಕುತ್ತಾರೆ. ಕಳೆದ ಬೇಸಿಗೆಯಲ್ಲಿ ನಾನೂ ನನ್ನ ತರಗತಿಯ ಗೆಳತಿಯೂ ಕಾಳಿ ನದಿಯ ಒಂದು ಜೂಗದಲ್ಲಿ ನಾಲ್ಕು ವಾರ ಮಕ್ಕಳಿಗೆ ಪಾಠ ಹೇಳಲು ಹೋದೆವು. ಅಬ್ಬಾನ ಪರಿಚಯದ ನಿವೃತ್ತ ಮಾಸ್ತರರೊಬ್ಬರು ಅದನ್ನು ಏರ್ಪಾಡು ಮಾಡಿದ್ದರು. ಬಸ್ಸು, ದೋಣಿ ಖರ್ಚು ಬಿಟ್ಟು ತಲಾ ಮೂರು ಸಾವಿರ ರೂಪಾಯಿ ಕೈಗೆ ಸಿಕ್ಕಿತು. ಆ ನಾಲ್ಕು ವಾರಗಳ ನಂತರ ನನ್ನ ಅಭಿಪ್ರಾಯ ಇಷ್ಟು: ಈ ಕೆಲಸವನ್ನು ನಮ್ಮ ಕಾಲೇಜೇ ಪ್ರತಿ ಬೇಸಿಗೆ ನಡೆಸಬೇಕು. ಹೋಗುವವರಿಗೆ ಸಂಬಳವನ್ನೂ ಕೊಡಬೇಕು.

ಹೊರಗಿನಿಂದ ಬಂದ ಹೊಸ ವಿದ್ಯಾರ್ಥಿಗಳಿಗಾಗಿ ಒಂದು ಮಾತು. ಜೂಗ ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಖಾರ್ಗೆಜೂಗ, ಉಂಬಳಿಜೂಗ ಎಂಬ ಊರುಗಳ ಹೆಸರಿನಲ್ಲೇ ಆ ಪದ ಇದೆ. ಅಂಕೋಲಾ, ಕುಮಟಾ ಕಡೆ ಇಂಥದ್ದನ್ನು ಕೂರ್ವೆ ಎನ್ನುತ್ತಾರೆ. ದ್ವೀಪ ಎಂದರೆ ಅಂಡಮಾನ್, ಲಕ್ಷದ್ವೀಪ ಎಂದು ತಿಳಿದಿದ್ದ ನನಗೆ, ನಮ್ಮ ಬಸ್ ಸ್ಟ್ಯಾಂಡಿನಿಂದ ಅಷ್ಟೇನೂ ದೂರವಿಲ್ಲದ ಊರಿನಲ್ಲಿ ಪುಸ್ತಕ, ಅಕ್ಕಿ, ಗ್ಯಾಸ್ ಸಿಲಿಂಡರ್, ಜ್ವರ ಬಂದ ಮಗು ಎಲ್ಲವೂ ದೋಣಿಯಲ್ಲೇ ದಾಟಬೇಕು ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು.

ಅಲ್ಲಿನ ಮಕ್ಕಳ ತೊಂದರೆ ಏನೆಂದು ನನಗೆ ತಿಳಿಸಿದ್ದು ದೋಣಿಯವರು. "ಜೂನ್‌ದಾಗೆ ಶಾಲೆ ಶುರು, ಮಳೆನೂ ಶುರು. ಈಗ ನೋಡಿ, ಹೊಳೆ ಸುಮ್ನೆ ಮಲಗದೆ, ಶಾಲೆಗೆ ಬಾಗಿಲು" ಎಂದರು. ನಿಜ. ಶಾಲೆ ತೆರೆದ ಕೆಲವೇ ದಿನಗಳಲ್ಲಿ ನಮ್ಮ ಕರಾವಳಿಗೆ ಮುಂಗಾರು ಬರುತ್ತದೆ. ಗಾಳಿ ಮಳೆ ಜೋರಾದರೆ ದೋಣಿ ಬಿಡುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ನಮಗೆಲ್ಲ ನೆನಪಿದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ಆಚೆ ದಂಡೆಯ ಉಳುವರೆಯ ಮನೆಗಳೂ ಹೋದವು. ಪೇಟೆಯ ನಮಗೆ ಮಳೆ ರಜೆ ಎಂದರೆ ಖುಷಿ. ಜೂಗದ ಮಗುವಿಗೆ ಅದು ತಪ್ಪಿಹೋದ ಪಾಠ. ಏಪ್ರಿಲ್, ಮೇ ತಿಂಗಳಲ್ಲಾದರೂ ತಪ್ಪಿದ್ದನ್ನು ಕಲಿಸೋಣ ಎಂದರೆ ಶಾಲೆ ಇರುವುದಿಲ್ಲ.

ನಮ್ಮ ಹತ್ತಿರ ಬಂದ ಮಕ್ಕಳು ಹದಿಮೂರು. ಅವರಲ್ಲಿ ಐದನೇ ತರಗತಿ ಮುಗಿಸಿದ ಹುಡುಗನೊಬ್ಬ ಮೊದಲ ದಿನ ಪಾಠವನ್ನು ಸರಾಗವಾಗಿ ಓದಿದ. ನನಗೆ ಸಂತೋಷವಾಯಿತು. ಮರುದಿನ ಬೇರೆ ಪುಸ್ತಕ ಕೊಟ್ಟೆ. ಒಂದು ಸಾಲೂ ಆಗಲಿಲ್ಲ. ಹಿಂದಿನ ದಿನದ್ದು ಬಾಯಿಪಾಠ! ಅವನು ದಡ್ಡನಲ್ಲ. ಅಮ್ಮ ಹೊಳೆಯಿಂದ ತಂದ ಬೆಳಚು ಎಷ್ಟು ಪಾಲು, ಪಾಲಿಗೆ ಎಷ್ಟು ರೂಪಾಯಿ ಎಂದು ನನಗಿಂತ ಬೇಗ ಲೆಕ್ಕ ಹಾಕುತ್ತಿದ್ದ. ಜೂನ್‌ನಿಂದ ಅವನು ಹೊಳೆ ದಾಟಿ ದೊಡ್ಡ ಶಾಲೆಗೆ ಹೋಗಬೇಕಿತ್ತು. ಅಕ್ಷರ ಕೂಡಿಸಲು ಬಾರದೆ ಅಲ್ಲಿ ಕೂತರೆ ಎಷ್ಟು ದಿನ ಕೂತಾನು? ಮೀನಿನ ಬಲೆ ಮನೆಯಲ್ಲೇ ಕಾಯುತ್ತಿರುತ್ತದೆ.

ಅವನ ಮನೆಮಾತು ಕೊಂಕಣಿ. ಅವನಿಗೆ ಮಳೆ 'ಪಾವ್ಸ್', ನೀರು 'ಉದಕ', ಮೀನು 'ನುಸ್ತೆಂ'. ನನ್ನ ಮನೆಮಾತು ಉರ್ದು. ಒಂದನೇ ತರಗತಿಯಲ್ಲಿ 'ಮಳೆ' ಎಂಬ ಪದವನ್ನು ನಾನೂ ಅವನ ಹಾಗೆಯೇ ಬರೀ ಸದ್ದಾಗಿ ಕಲಿತವಳು. ಅದು 'ಬಾರಿಶ್' ಎಂದು ತಿಳಿದ ದಿನ ಇನ್ನೂ ನೆನಪಿದೆ. ಆದ್ದರಿಂದ ನಾವು ಪಠ್ಯಪುಸ್ತಕ ಬದಿಗಿಟ್ಟು ಮಕ್ಕಳ ಬಾಯಿಂದಲೇ ಪದ ತೆಗೆದೆವು. ಅವರು ಕೊಂಕಣಿಯಲ್ಲಿ ಹೇಳುವುದು, ನಾವು ಕನ್ನಡದಲ್ಲಿ ಸ್ಲೇಟಿನ ಮೇಲೆ ಬರೆಯುವುದು, ಅವರು ಓದುವುದು. ಬಂಗಡೆ, ಏಡಿ, ಬಲೆ, ದೋಣಿ, ಹುಟ್ಟು. ನಾಲ್ಕನೇ ವಾರದಲ್ಲಿ ಆ ಹುಡುಗ ಹೊಸ ಪುಸ್ತಕದ ಅರ್ಧ ಪುಟವನ್ನು ತಡವರಿಸುತ್ತಾ ಓದಿದ. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು ಭಾಷೆ ಆಡುವ ನಮ್ಮಂಥವರಿಗೆ ಈ ಕೆಲಸ ಚೆನ್ನಾಗಿ ಒಗ್ಗುತ್ತದೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಎರಡನೇ ವಾರ ನೆಂಟರ ಮದುವೆ ಎಂದು ಎರಡು ದಿನ ಹೋಗಲಿಲ್ಲ. ಗೆಳತಿಗೂ ಜ್ವರ. ಯಾರಿಗೂ ಹೇಳಿ ಕಳಿಸಲಿಲ್ಲ. ಮೂರನೇ ದಿನ ದೋಣಿಯವರು ನನ್ನ ಮುಖ ನೋಡದೆ ಹೇಳಿದರು: "ಅಕ್ಕೋರೆ, ಆ ಹುಡ್ಗ ಎರಡು ದಿವ್ಸನೂ ತಾರಿ ಹತ್ರ ಬಂದು ಕೂತಿದ್ದ." ಬಟ್ಟೆ ಅಂಗಡಿಯ ಕೆಲಸವಾಗಿದ್ದರೆ ನಾನು ಹೀಗೆ ಮಾಡುತ್ತಿದ್ದೆನೇ? ಖಂಡಿತ ಇಲ್ಲ, ಮೊದಲೇ ರಜೆ ಕೇಳುತ್ತಿದ್ದೆ. ಮನಸ್ಸಿನ ಮೂಲೆಯಲ್ಲಿ 'ನಾವು ಉಪಕಾರ ಮಾಡುತ್ತಿದ್ದೇವೆ' ಎಂಬ ಭಾವನೆ ಇತ್ತು. ಅದೇ ನನ್ನನ್ನು ಕೆಡಿಸಿದ್ದು.

ಅದಕ್ಕೇ ಸಂಬಳದ ಮಾತು ಎತ್ತಿದ್ದು. "ಸೇವೆಗೆ ಹಣವೇ?" ಎಂದು ಹಿರಿಯರು ಕೇಳಬಹುದು. ಆ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಆದರೆ ನಮ್ಮ ತರಗತಿಯ ಒಬ್ಬ ಹುಡುಗನನ್ನು ನೆನೆಯಿರಿ. ಅವನ ಕೊಂಕಣಿ ನನ್ನದಕ್ಕಿಂತ ಚೆಂದ, ಗಣಿತ ಇನ್ನೂ ಚೆಂದ. ಬರುತ್ತೀಯಾ ಎಂದು ಕೇಳಿದಾಗ, "ಮುಂದಿನ ವರ್ಷದ ಫೀಸು ಅಂಗಡಿಯಿಂದಲೇ ಬರಬೇಕು" ಎಂದ. ಹಣವಿಲ್ಲದೆ ಮಾಡುವ ಸೇವೆ ಮನೆಯಲ್ಲಿ ಅನುಕೂಲ ಇದ್ದವರಿಗೆ ಮಾತ್ರ ಸಾಧ್ಯ. ಹೀಗೆ ಬಿಟ್ಟರೆ ಚೆನ್ನಾಗಿ ಕಲಿಸಬಲ್ಲವರು ಅಂಗಡಿಯಲ್ಲೇ ನಿಂತಿರುತ್ತಾರೆ. ನಾಲ್ಕು ವಾರಕ್ಕೆ ಅಂಗಡಿಯವರು ಕೊಡುವಷ್ಟನ್ನೇ ಕೊಡೋಣ. ಗಲ್ಫ್‌ನಲ್ಲಿ, ಗೋವಾದಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ ಆರು ಜನರ ಸಂಬಳ ಕಷ್ಟವಾಗಲಾರದು.

ಇದು ಹೊಸ ಯೋಚನೆಯೇನಲ್ಲ. ಬಾಂಗ್ಲಾದೇಶದಲ್ಲಿ ಮೊಹಮ್ಮದ್ ರೆಜ್ವಾನ್ ಅವರ ಸಂಸ್ಥೆ 2002ರಿಂದ ದೋಣಿಯನ್ನೇ ತರಗತಿ ಮಾಡಿ ಪ್ರವಾಹದ ಊರುಗಳ ಮಕ್ಕಳ ಬಳಿಗೆ ಕಳಿಸುತ್ತಿದೆ. ನಮ್ಮ ಜಿಲ್ಲೆಯಲ್ಲೇ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಲ್ಲಿ ಶಾಲೆ ತೆರೆದರು. ಮಗು ಶಾಲೆಗೆ ಬರಲಾಗದಿದ್ದರೆ ಶಾಲೆಯೇ ಹೋಗಬೇಕು ಎಂದು ಅವರೆಲ್ಲ ತಿಳಿದಿದ್ದರು.

ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನನ್ನ ವಿನಂತಿ ಹೀಗಿದೆ. ಫೆಬ್ರುವರಿಯಲ್ಲೇ ಹೆಸರು ಬರೆಸಿಕೊಳ್ಳಿ. ಒಬ್ಬೊಬ್ಬರನ್ನೇ ಕಳಿಸದೆ ಇಬ್ಬಿಬ್ಬರನ್ನು ಕಳಿಸಿ. ಕಾಲೇಜಿನ ಪತ್ರ ಇದ್ದರೆ ಹುಡುಗಿಯರನ್ನು ಮನೆಯವರು ಧೈರ್ಯವಾಗಿ ಕಳಿಸುತ್ತಾರೆ. ನನ್ನ ಅಮ್ಮಿಯನ್ನು ಒಪ್ಪಿಸಲು ಒಂದು ವಾರ ಬೇಕಾಯಿತು. ಲೈಫ್ ಜಾಕೆಟ್ ಇಲ್ಲದೆ ಯಾರೂ ದೋಣಿ ಹತ್ತಬಾರದು. 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ 16 ಜನ ತೀರಿಕೊಂಡದ್ದನ್ನು ಕಾರವಾರ ಮರೆಯಬಾರದು. ಚಿತ್ರ ಬಿಡಿಸುವುದು, ಹಾಡು, ಕಂಪ್ಯೂಟರ್ ಎಲ್ಲ ಆಮೇಲೆ. ಮೊದಲು ಓದುವುದನ್ನು ಕಲಿಸೋಣ. ಮುಗಿಯುವಾಗ ಪ್ರತಿ ಮಗು ಎಲ್ಲಿಗೆ ಬಂದಿದೆ ಎಂದು ಬರೆದು ಅಲ್ಲಿನ ಶಾಲೆಯ ಶಿಕ್ಷಕರ ಕೈಗೆ ಕೊಡೋಣ. ಇಲ್ಲದಿದ್ದರೆ ನಮ್ಮ ನಾಲ್ಕು ವಾರ ಜೂನ್‌ನ ಮೊದಲ ಮಳೆಗೇ ತೊಳೆದುಹೋಗುತ್ತದೆ.

ನಾನು ಈ ವರ್ಷ ಕಾಲೇಜು ಮುಗಿಸಿ ಹೋಗುತ್ತೇನೆ. ಪ್ರಥಮ ಪಿಯುಸಿಯ ತಮ್ಮ ತಂಗಿಯರೇ, ನಿಮ್ಮಲ್ಲಿ ಯಾರಾದರೂ ಹೋಗುವುದಾದರೆ ದೋಣಿಯವರ ನಂಬರ್ ನನ್ನ ಬಳಿ ಇದೆ, ಕೊಡುತ್ತೇನೆ. ಒಂದೇ ಮಾತು: ಬರುತ್ತೇನೆ ಎಂದ ದಿನ ಬರಲೇಬೇಕು. ತಾರಿಯಲ್ಲಿ ಒಬ್ಬರು ಕಾಯುತ್ತಿರುತ್ತಾರೆ.

— ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ